ಜಾಲಾಟದ ಪುಡಿಗಾಸು, ಹವ್ಯಾಸದ ಖರ್ಚು

ಇಂಟರ್‌ನೆಟ್‌ನಲ್ಲಿ ಏನನ್ನಾದರೂ ಹುಡುಕಿದ್ದಕ್ಕೆ, ಜಾಹೀರಾತು ನೋಡಿದ್ದಕ್ಕೆ, ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟಿದ್ದಕ್ಕೆ, ಹೇಗೂ ಕೊಳ್ಳಬೇಕಿದ್ದ ಸಾಮಾನನ್ನು ಒಂದು ಗೊತ್ತಾದ ದಾರಿಯಲ್ಲಿ ಹೋಗಿ ಕೊಂಡಿದ್ದಕ್ಕೆ ಪುಡಿಗಾಸು ಕೊಡುವ ಯೋಜನೆಗಳು ಹತ್ತಾರಿವೆ. ಪಾಯಿಂಟ್, ಕ್ಯಾಶ್‌ಬ್ಯಾಕ್, ಟೋಕನ್, ವೋಚರ್ ಎಂದು ಹೆಸರು ಹಲವು. ಸಂಪಾದನೆ ಎಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಬೇಡವೆಂದು ಬಿಡಲೂ ಮನಸ್ಸು ಬಾರದು, ಅಂಥ ಮೊತ್ತ. ಮನೆಬಾಡಿಗೆಗೋ ಶಾಲೆ ಫೀಸಿಗೋ ಇದು ಸಾಲುವುದಿಲ್ಲ. ಜಲವರ್ಣದ ಒಂದು ಟ್ಯೂಬಿಗೆ, ಕೈತೋಟದ ಬೀಜಕ್ಕೆ, ವೀಣೆಯ ತಂತಿಗೆ, ಓದಬೇಕೆಂದಿದ್ದ ಕಾದಂಬರಿಗೆ ಸಾಲುತ್ತದೆ.

ಈ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಪುಟದಿಂದ ಪುಟಕ್ಕೆ ಅಲೆದಾಡುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಯೋಜನೆ ನಡೆಸುವ ಕಂಪನಿ ಬಳಕೆದಾರರಿಂದ ಏನನ್ನೋ ಪಡೆದು, ಅದನ್ನು ಮತ್ತೊಬ್ಬರಿಗೆ ಮಾರಿ, ಬಂದದ್ದರಲ್ಲಿ ಒಂದು ಪಾಲನ್ನು ಹಿಂತಿರುಗಿಸುತ್ತದೆ. ಹಾಗೆ ಮಾರಾಟವಾಗುವುದು ಜಾಹೀರಾತಿನ ಮೇಲೆ ಬಿದ್ದ ಕಣ್ಣಾಗಿರಬಹುದು, ಬಳಕೆದಾರರ ಬಗೆಗಿನ ಮಾಹಿತಿಯಾಗಿರಬಹುದು, ಇಲ್ಲವೇ ಅವರು ಮಾಡಿದ ಖರೀದಿಯಾಗಿರಬಹುದು. ಯಾವ ಯೋಜನೆ ಇವುಗಳಲ್ಲಿ ಯಾವುದನ್ನು ಕೊಳ್ಳುತ್ತಿದೆ ಎಂದು ಗೊತ್ತಾದರೆ, ಕೈಗೆ ಎಷ್ಟು ಬರಬಹುದು, ಕೈಬಿಟ್ಟು ಏನು ಹೋಗಬಹುದು ಎಂಬುದೂ ಬಹುಮಟ್ಟಿಗೆ ಗೊತ್ತಾದಂತೆ.

ಕಣ್ಣಿಗೆ ಕಾಸು ಕೊಡುವ ಯೋಚನೆ ವೆಬ್‌ನ ಬಾಲ್ಯಕಾಲದ್ದು. 1999ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಲ್‌ಅಡ್ವಾಂಟೇಜ್ ಎಂಬ ಕಂಪನಿ ಶುರುವಾಯಿತು. ಸದಸ್ಯರು ತಮ್ಮ ಕಂಪ್ಯೂಟರಿಗೆ 'ವ್ಯೂಬಾರ್' ಎಂಬ ಪಟ್ಟಿಯನ್ನು ಹಾಕಿಕೊಳ್ಳಬೇಕು. ಅವರು ವೆಬ್ ನೋಡುವಷ್ಟು ಹೊತ್ತೂ ಆ ಪಟ್ಟಿಯಲ್ಲಿ ಜಾಹೀರಾತುಗಳು ಬದಲಾಗುತ್ತಿರುತ್ತವೆ. ಪ್ರತಿಫಲ ಗಂಟೆಗೆ 50 ಸೆಂಟ್, ತಿಂಗಳಿಗೆ ಹೆಚ್ಚೆಂದರೆ 25 ಗಂಟೆ. ಅಂದರೆ ಪೂರ್ತಿ ತಿಂಗಳಿಗೆ ಹನ್ನೆರಡೂವರೆ ಡಾಲರ್. ಸ್ನೇಹಿತರನ್ನು ಸೇರಿಸಿದರೆ ಅವರ ಗಂಟೆಗಳಿಂದಲೂ ಒಂದಿಷ್ಟು. ಒಂದೂವರೆ ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸೇರಿದರು. ಜೊತೆಗೇ ಮೌಸನ್ನು ತಾನಾಗಿ ಅಲ್ಲಾಡಿಸುತ್ತ, ಯಾರೋ ಕುಳಿತು ನೋಡುತ್ತಿದ್ದಾರೆಂಬ ಭ್ರಮೆ ಹುಟ್ಟಿಸುವ ಪುಟ್ಟ ಪ್ರೋಗ್ರಾಮ್‌ಗಳೂ ಹುಟ್ಟಿಕೊಂಡವು. ಯಾರೂ ಇಲ್ಲದ ಕೋಣೆಯಲ್ಲಿ ಓಡುವ ಜಾಹೀರಾತಿಗೆ ಯಾವ ವ್ಯಾಪಾರಿ ತಾನೇ ದುಡ್ಡು ಕೊಟ್ಟಾನು? ಡಾಟ್‌ಕಾಂ ಗುಳ್ಳೆ ಒಡೆದು ಜಾಹೀರಾತಿನ ದರ ಕುಸಿದದ್ದೂ ಸೇರಿ 2001ರ ಫೆಬ್ರವರಿಯಲ್ಲಿ ಕಂಪನಿ ಬಾಗಿಲು ಹಾಕಿತು. ವೆಬ್‌ನಲ್ಲಿ ತಮ್ಮದೇ 'ನಾಣ್ಯ' ಚಲಾವಣೆಗೆ ತಂದಿದ್ದ ಬೀನ್ಜ್ ಮತ್ತು ಫ್ಲೂಜ್ ಎಂಬ ಕಂಪನಿಗಳೂ ಅದೇ ವರ್ಷ ಮುಳುಗಿದವು. ಸಿನಿಮಾ ನಟಿ ವೂಪಿ ಗೋಲ್ಡ್‌ಬರ್ಗ್ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದೂ ಫ್ಲೂಜನ್ನು ಉಳಿಸಲಿಲ್ಲ.

ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿ ಅಲ್ಲಿಗೆ ಬಹುತೇಕ ಮುಗಿಯಿತು. ಆಮೇಲೆ ಬಂದವರು ಹೊತ್ತನ್ನು ಬಿಟ್ಟು ಅಭ್ಯಾಸವನ್ನು ಕೊಳ್ಳತೊಡಗಿದರು. ಇದಕ್ಕೆ ಒಳ್ಳೆಯ ಉದಾಹರಣೆ ಮೈಕ್ರೋಸಾಫ್ಟ್. 2008ರಲ್ಲಿ ಅದು ತನ್ನ ಸರ್ಚ್ ಎಂಜಿನ್ ಮೂಲಕ ಸಾಮಾನು ಕೊಂಡವರಿಗೆ ಕ್ಯಾಶ್‌ಬ್ಯಾಕ್ ಕೊಟ್ಟು ನೋಡಿತು, ಎರಡು ವರ್ಷಕ್ಕೆ ನಿಲ್ಲಿಸಿತು. 2010ರಲ್ಲಿ ಬಿಂಗ್ ರಿವಾರ್ಡ್ಸ್ ಶುರುಮಾಡಿತು. 2016ರಲ್ಲಿ ಅದಕ್ಕೆ ಮೈಕ್ರೋಸಾಫ್ಟ್ ರಿವಾರ್ಡ್ಸ್ ಎಂದು ಹೆಸರಿಟ್ಟಿತು. ಬಿಂಗ್‌ನಲ್ಲಿ ಹುಡುಕಿದರೆ ಇಂತಿಷ್ಟು ಪಾಯಿಂಟ್, ದಿನದ ರಸಪ್ರಶ್ನೆಗೆ ಉತ್ತರಿಸಿದರೆ ಇನ್ನಷ್ಟು. ದಿನಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು. ಅಮೆರಿಕದಲ್ಲಿ ಐದು ಡಾಲರಿನ ಗಿಫ್ಟ್ ಕಾರ್ಡ್ ಬೇಕಾದರೆ ಐದು ಸಾವಿರಕ್ಕೂ ಹೆಚ್ಚು ಪಾಯಿಂಟ್ ಕೂಡಿಸಬೇಕು. ಭಾರತದಲ್ಲೂ ಪಾಯಿಂಟ್‌ಗಳನ್ನು ಆನ್‌ಲೈನ್ ಅಂಗಡಿಗಳ ವೋಚರಿಗೆ ಬದಲಾಯಿಸಿಕೊಳ್ಳಬಹುದು.

ಹುಡುಕುವವರಿಗೆ ಕಂಪನಿಯೇ ಕಾಸು ಕೊಡುವುದು ವಿಚಿತ್ರ ಔದಾರ್ಯವಾಗಿ ಕಂಡೀತು. ಆದರೆ ಒಬ್ಬರ ಹುಡುಕಾಟದ ಅಭ್ಯಾಸ ಎಷ್ಟು ಬೆಲೆಬಾಳುತ್ತದೆ ಎಂಬುದು ಅಮೆರಿಕದ ನ್ಯಾಯಾಲಯದಲ್ಲಿ ಗೂಗಲ್ ವಿರುದ್ಧ ನಡೆದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಬಯಲಾಯಿತು. ಫೋನ್ ಮತ್ತು ಬ್ರೌಸರುಗಳಲ್ಲಿ ತನ್ನ ಸರ್ಚ್ ಮೊದಲಿಗೇ ಕೂತಿರಲಿ ಎಂದು ಗೂಗಲ್ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ತೆತ್ತಿತ್ತು. ಎದುರಾಳಿ ಕಂಪನಿ ಅಂಥ ಮೊತ್ತವನ್ನು ಫೋನ್ ತಯಾರಕರಿಗೆ ಕೊಡುವ ಬದಲು ಚೂರುಚೂರಾಗಿ ಬಳಕೆದಾರರಿಗೇ ಹಂಚಿದರೆ ಅದರಲ್ಲಿ ದಾನಧರ್ಮವೇನೂ ಇಲ್ಲ, ಅಪ್ಪಟ ವ್ಯಾಪಾರ.

ಜಾಹೀರಾತಿನ ದುಡ್ಡಿನಲ್ಲಿ ನೇರ ಪಾಲು ಕೊಡುವ ಪ್ರಯೋಗ ಬ್ರೇವ್ ಬ್ರೌಸರಿನದು. 1995ರಲ್ಲಿ ಜಾವಾಸ್ಕ್ರಿಪ್ಟ್ ರೂಪಿಸಿದ ಬ್ರೆಂಡನ್ ಐಕ್ ಇದರ ಸ್ಥಾಪಕರಲ್ಲಿ ಒಬ್ಬರು. ಈ ಬ್ರೌಸರ್ ವೆಬ್‌ಸೈಟುಗಳ ಜಾಹೀರಾತನ್ನು ತಡೆಯುತ್ತದೆ. ಬಳಕೆದಾರರು ಒಪ್ಪಿದರೆ ತನ್ನದೇ ಜಾಹೀರಾತು ತೋರಿಸಿ, ಅದರಿಂದ ಬಂದದ್ದರಲ್ಲಿ ಶೇ 70ರಷ್ಟನ್ನು ಅವರಿಗೆ ಕೊಡುತ್ತದೆ. ಇನ್ನೊಬ್ಬರ ಅಂಗಡಿಯ ಫಲಕ ಮುಚ್ಚಿ ತನ್ನ ಫಲಕ ತೂಗುಹಾಕುವ ಈ ಜಾಣತನವನ್ನು 2016ರಲ್ಲೇ ಅಮೆರಿಕದ 17 ಪತ್ರಿಕಾ ಸಂಸ್ಥೆಗಳು ಒಟ್ಟಾಗಿ ವಿರೋಧಿಸಿದ್ದವು. ಪಾಲು ಬರುವುದು ರೂಪಾಯಿಯಲ್ಲೂ ಅಲ್ಲ, ಡಾಲರಿನಲ್ಲೂ ಅಲ್ಲ. ಬೇಸಿಕ್ ಅಟೆನ್ಶನ್ ಟೋಕನ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ. 2017ರ ಮೇ 31ರಂದು ಈ ಟೋಕನ್ ಮಾರಾಟಕ್ಕಿಟ್ಟಾಗ ಅರ್ಧ ನಿಮಿಷದೊಳಗೆ ಸುಮಾರು 3.5 ಕೋಟಿ ಡಾಲರ್ ಬಂದಿತ್ತು. ಅದರ ಬೆಲೆ 2021ರ ಕೊನೆಯಲ್ಲಿ ಒಂದೂವರೆ ಡಾಲರ್ ದಾಟಿತು, ಮರುವರ್ಷದ ಕೊನೆಗೆ ಕಾಲು ಡಾಲರಿಗಿಂತಲೂ ಕೆಳಗಿಳಿಯಿತು. ತಂಬೂರಿಗೆಂದು ಕೂಡಿಟ್ಟದ್ದು ತಂತಿಗೂ ಸಾಲದಾಯಿತು ಅನ್ನುವಂಥ ಇಳಿತ.

ಶೇ 70 ಎಂದರೆ ಕೇಳಲು ದೊಡ್ಡದು. ಯಾವುದರ ಶೇ 70 ಎಂಬುದು ಮುಖ್ಯ. ವೆಬ್ ಜಾಹೀರಾತಿನ ದರ ನಿಗದಿಯಾಗುವುದು ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಎಂದು. ಸಾವಿರ ಸಲಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೆ ಒಂದು ಜಾಹೀರಾತಿಗೆ ಹತ್ತು ಪೈಸೆ, ನೋಡಿದವರ ಪಾಲಿಗೆ ಏಳು ಪೈಸೆ. ದಿನಕ್ಕೆ ಇಪ್ಪತ್ತು ಜಾಹೀರಾತು ಕಣ್ಣಿಗೆ ಬಿದ್ದರೂ ತಿಂಗಳಿಗೆ 42 ರೂಪಾಯಿ. ನೋಟವನ್ನು ಕೊಳ್ಳುವ ಯಾವ ಯೋಜನೆಯೂ ಈ ಗಣಿತವನ್ನು ದಾಟಲಾರದು. ಅದಕ್ಕಿಂತ ಬಹಳ ಹೆಚ್ಚು ಕೊಡುತ್ತೇನೆ ಎನ್ನುವವರು ಬೇರೇನನ್ನೋ ಕೊಳ್ಳುತ್ತಿದ್ದಾರೆ ಎಂದೇ ತಿಳಿಯಬೇಕು.

ಭಾರತದಲ್ಲಿ ಈ ವ್ಯವಹಾರ ಒಂದು ಕಾಲಕ್ಕೆ ಟಾಕ್‌ಟೈಮ್ ರೂಪದಲ್ಲಿತ್ತು. ಬಾಸ್ಟನ್ ಮೂಲದ ಜಾನಾ ಕಂಪನಿಯ ಎಂಸೆಂಟ್ ಆ್ಯಪ್, ಇತರ ಆ್ಯಪ್‌ಗಳನ್ನು ಇಳಿಸಿಕೊಂಡವರಿಗೆ ಮೊಬೈಲ್ ರೀಚಾರ್ಜ್ ಕೊಡುತ್ತಿತ್ತು. 2017ರಲ್ಲಿ ಅದೇ ಹೆಸರಿನ ಬ್ರೌಸರ್ ಬಂತು. ವೆಬ್ ನೋಡಿದಷ್ಟೂ ರೀಚಾರ್ಜ್ ಪಾಯಿಂಟ್. ಕಾಲೇಜು ಹುಡುಗರಿಗೆ ಹತ್ತು ರೂಪಾಯಿ ರೀಚಾರ್ಜ್ ದೊಡ್ಡ ವಿಷಯವಾಗಿದ್ದ ದಿನಗಳ ಯೋಚನೆ ಅದು. ಆದರೆ ಆ ಬ್ರೌಸರಿಗೂ ಮೊದಲೇ, 2016ರ ಸೆಪ್ಟೆಂಬರಿನಲ್ಲಿ, ಮೊಬೈಲ್ ಕಂಪನಿ ಜಿಯೋ ಪುಕ್ಕಟೆ ಕರೆ, ಪುಕ್ಕಟೆ ಡೇಟಾದೊಂದಿಗೆ ಬಂದ ಮೇಲೆ ಟಾಕ್‌ಟೈಮಿಗಾಗಿ ಹಪಹಪಿಸುವವರೇ ಇಲ್ಲವಾದರು.

ಎರಡನೆಯ ಬಗೆ ಮಾಹಿತಿಯ ಮಾರಾಟ. ಇದರಲ್ಲಿ ಕಣ್ಣಿಗೆ ಕಾಣುವ ರೂಪ ಸಮೀಕ್ಷೆ. ಗೂಗಲ್ ಒಪೀನಿಯನ್ ರಿವಾರ್ಡ್ಸ್ 2013ರಲ್ಲಿ ಅಮೆರಿಕದಲ್ಲಿ ಶುರುವಾಗಿ ಆಮೇಲೆ ಭಾರತಕ್ಕೂ ಬಂತು. ಪ್ರಶ್ನೆಗಳು ಚಿಕ್ಕವು: ನಿನ್ನೆ ಈ ಅಂಗಡಿಗೆ ಹೋಗಿದ್ದಿರಾ, ಕಾರ್ಡಿನಲ್ಲಿ ಕೊಟ್ಟಿರಾ, ನಗದಿನಲ್ಲೋ. ಫೋನಿನ ಲೊಕೇಶನ್ ತೆರೆದಿಟ್ಟವರಿಗೆ ಇಂಥವು ಹೆಚ್ಚು ಬರುತ್ತವೆ. ಇಲ್ಲದ ಅಂಗಡಿಯ ಹೆಸರನ್ನೂ ನಡುನಡುವೆ ಸೇರಿಸಿ, ಹೌದೆಂದು ಒತ್ತುವವರನ್ನು ಪತ್ತೆಹಚ್ಚುವುದುಂಟು. ಆಂಡ್ರಾಯ್ಡ್ ಫೋನಿನಲ್ಲಿ ಸಿಗುವ ಪ್ರತಿಫಲ ಪ್ಲೇ ಸ್ಟೋರಿನ ಕ್ರೆಡಿಟ್. ಅದನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಹೋಯಿತು.

ದೊಡ್ಡ ಸಮೀಕ್ಷೆಗಳನ್ನು ನಡೆಸುವ ಸೈಟುಗಳು ಬೇರೆ. ಅಲ್ಲಿ ವಯಸ್ಸು, ಊರು, ಆದಾಯ, ಮನೆಯಲ್ಲಿ ಎಷ್ಟು ಜನ, ಯಾವ ಗಾಡಿ ಎಂದು ಮೊದಲು ಸೋಸುತ್ತಾರೆ. ಹತ್ತು ಹದಿನೈದು ನಿಮಿಷ ಉತ್ತರಿಸಿದ ಮೇಲೆ 'ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ' ಎಂಬ ಪುಟ ಬರುವುದು ಇಲ್ಲಿನ ನಿತ್ಯದ ಅನುಭವ. ಕೊಟ್ಟ ಉತ್ತರಗಳು ಮಾತ್ರ ಅವರ ಬಳಿಯೇ ಉಳಿಯುತ್ತವೆ. ಇದು ಅನ್ಯಾಯವೇ. ನಿಯಮಗಳಲ್ಲಿ ಬರೆದಿರುವ ಅನ್ಯಾಯ, ಅಷ್ಟೇ ವ್ಯತ್ಯಾಸ.

ಕಣ್ಣಿಗೆ ಕಾಣದ ರೂಪ ಇನ್ನೊಂದು. ಬ್ರೌಸರಿಗೆ ಎಕ್ಸ್‌ಟೆನ್ಶನ್ ಎಂಬ ಒಂದು ಪುಟ್ಟ ಪೂರಕ ತಂತ್ರಾಂಶ ಹಾಕಿಕೊಂಡರೆ ಸಾಕು, ಬೇರೇನೂ ಮಾಡಬೇಕಾಗಿಲ್ಲ, ತಿಂಗಳು ತಿಂಗಳು ಪಾಯಿಂಟ್ ಬರುತ್ತದೆ ಎನ್ನುವಂಥದು. 2012ರಲ್ಲಿ ಗೂಗಲ್ ಅಮೆರಿಕದಲ್ಲಿ ಸ್ಕ್ರೀನ್‌ವೈಸ್ ಎಂಬ ಯೋಜನೆ ತಂದಾಗ ಸೇರಿದವರಿಗೆ ಐದು ಡಾಲರಿನ ಅಮೆಜಾನ್ ಕಾರ್ಡ್ ಕೊಟ್ಟು, ಮುಂದೆ ಮೂರು ತಿಂಗಳಿಗೊಮ್ಮೆ ಐದು ಡಾಲರ್ ಕೊಡುವುದಾಗಿ ಹೇಳಿತ್ತು. ಬದಲಿಗೆ ಅವರು ನೋಡುವ ಸೈಟುಗಳೆಲ್ಲ ಕಂಪನಿಗೆ ಗೊತ್ತಾಗುತ್ತಿದ್ದವು. ಅದನ್ನು ಮುಚ್ಚಿಡದೆ ಹೇಳಿತ್ತು ಎಂಬುದು ಅದರ ಮಟ್ಟಿಗೆ ಒಳ್ಳೆಯ ಮಾತು. ಫೇಸ್‌ಬುಕ್ 13ರಿಂದ 35 ವರ್ಷದೊಳಗಿನವರಿಗೆ ತಿಂಗಳಿಗೆ 20 ಡಾಲರ್ ತನಕ ಕೊಟ್ಟು ಅವರ ಫೋನಿಗೆ ವಿಪಿಎನ್ ಹಾಕಿಸಿ, ಫೋನಿನ ಚಟುವಟಿಕೆಯನ್ನೆಲ್ಲ ಗಮನಿಸುತ್ತಿದ್ದುದು 2019ರ ಜನವರಿಯಲ್ಲಿ ಸುದ್ದಿಯಾದಾಗ ಆಪಲ್, ಆ ಆ್ಯಪ್ ಹಂಚಲು ಫೇಸ್‌ಬುಕ್ ಬಳಸುತ್ತಿದ್ದ ಅನುಮತಿಯನ್ನೇ ರದ್ದು ಮಾಡಿತು. ಕಾಸೂ ಕೊಡದೆ ಮಾರಿದವರೂ ಇದ್ದಾರೆ. ವೈರಸ್ ತಡೆಯುವ ತಂತ್ರಾಂಶಕ್ಕೆ ಹೆಸರಾದ ಅವಾಸ್ಟ್, ತನ್ನ ಗ್ರಾಹಕರ ಬ್ರೌಸಿಂಗ್ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ್ದಕ್ಕಾಗಿ 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಕ್ರಮಕ್ಕೆ ಸಿಕ್ಕಿ 1.65 ಕೋಟಿ ಡಾಲರ್ ತೆರಬೇಕಾಯಿತು.

ಇಂಥ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವಾಗ ಸಾಮಾನ್ಯವಾಗಿ 'ಎಲ್ಲ ವೆಬ್‌ಸೈಟುಗಳಲ್ಲಿನ ನಿಮ್ಮ ಡೇಟಾವನ್ನು ಓದಲು ಮತ್ತು ಬದಲಾಯಿಸಲು' ಎಂಬರ್ಥದ ಅನುಮತಿ ಕೇಳುವ ಪೆಟ್ಟಿಗೆ ಬರುತ್ತದೆ. ಓದದೇ ಒತ್ತುವ ಸಾಲು ಅದು. ಬ್ಯಾಂಕಿನ ಪುಟವೂ 'ಎಲ್ಲ ವೆಬ್‌ಸೈಟು'ಗಳಲ್ಲಿ ಸೇರಿತು. ರಿವಾರ್ಡಿನ ಕೆಲಸಕ್ಕೆ ಬೇರೊಂದು ಬ್ರೌಸರನ್ನೇ ಇಟ್ಟುಕೊಂಡು, ಬ್ಯಾಂಕು, ಆಸ್ಪತ್ರೆ, ಆಫೀಸಿನ ವ್ಯವಹಾರವನ್ನು ಅದರಿಂದ ದೂರವಿಡುವುದು ತಕ್ಕಮಟ್ಟಿನ ರಕ್ಷಣೆ.

ಇಂಟರ್‌ನೆಟ್ ಸಂಪರ್ಕದ ಒಂದು ಭಾಗವನ್ನೇ ಬಾಡಿಗೆಗೆ ಕೊಡಿಸುವ ಹನಿಗೇನ್‌ನಂಥ ಆ್ಯಪ್‌ಗಳೂ ಇವೆ. ಇವು ಬೇರೆ ಕಂಪನಿಗಳ ಸಂಚಾರವನ್ನು ಮನೆಯ ಸಂಪರ್ಕದ ಮೂಲಕ ಹಾಯಿಸುತ್ತವೆ. ಆ ದಾರಿಯಲ್ಲಿ ಯಾರಾದರೂ ಕೆಟ್ಟ ಕೆಲಸ ಮಾಡಿದರೆ ವಿಳಾಸ ಸಿಗುವುದು ಮನೆಯವರದು. ನಾಲ್ಕು ಕಾಸಿಗೆ ಇಷ್ಟು ಅಪಾಯ ಹೊರುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಖರೀದಿ. ಮೂರರಲ್ಲೂ ಕೈಗೆ ಹೆಚ್ಚು ಬರುವುದು ಇದರಿಂದಲೇ. ಅಮೆಜಾನ್ 1996ರಲ್ಲಿ, ತನ್ನಲ್ಲಿಗೆ ಗಿರಾಕಿ ಕಳಿಸಿಕೊಟ್ಟ ವೆಬ್‌ಸೈಟುಗಳಿಗೆ ಕಮಿಷನ್ ಕೊಡುವ ಪದ್ಧತಿ ಶುರುಮಾಡಿತು. ಕ್ಯಾಶ್‌ಬ್ಯಾಕ್ ಸೈಟುಗಳು ಆ ಕಮಿಷನ್ನಿನಲ್ಲಿ ಒಂದು ಪಾಲನ್ನು ಗಿರಾಕಿಗೇ ಮರಳಿಸುತ್ತವೆ. ಸ್ವಾತಿ ಭಾರ್ಗವ ಮತ್ತು ರೋಹನ್ ಭಾರ್ಗವ 2013ರಲ್ಲಿ ಭಾರತದಲ್ಲಿ ಶುರುಮಾಡಿದ ಕ್ಯಾಶ್‌ಕರೋ ಇಂಥದ್ದೇ. 2016ರಲ್ಲಿ ರತನ್ ಟಾಟಾ ಅದರಲ್ಲಿ ಹಣ ಹೂಡಿದ್ದರು.

ಕೆಲಸ ನಡೆಯುವ ಬಗೆ ಹೀಗೆ. ಗಿರಾಕಿ ಮೊದಲು ಕ್ಯಾಶ್‌ಬ್ಯಾಕ್ ಸೈಟಿಗೆ ಹೋಗಿ, ಅಲ್ಲಿಂದ ಅಂಗಡಿಯ ಕೊಂಡಿ ಒತ್ತುತ್ತಾರೆ. ಆ ಕೊಂಡಿ ಅವರ ಬ್ರೌಸರಿನಲ್ಲಿ 'ಕುಕಿ' ಎಂಬ ಚಿಕ್ಕ ಗುರುತು ಬಿಡುತ್ತದೆ. ಕೊಂಡಾಗ ಅಂಗಡಿಯ ಕಂಪ್ಯೂಟರ್ ಆ ಗುರುತು ನೋಡಿ, ಈ ಗಿರಾಕಿಯನ್ನು ಕಳಿಸಿದವರು ಇಂಥವರು ಎಂದು ಬರೆದುಕೊಳ್ಳುತ್ತದೆ. ಅಮೆಜಾನಿನಲ್ಲಿ ಈ ಗುರುತಿನ ಆಯಸ್ಸು ಸಾಮಾನ್ಯವಾಗಿ 24 ಗಂಟೆ. 1,200 ರೂಪಾಯಿಯ ಬಣ್ಣದ ಪೆಟ್ಟಿಗೆಗೆ ಶೇ 5 ಕ್ಯಾಶ್‌ಬ್ಯಾಕ್ ಇದೆಯೆನ್ನಿ. ಖಾತೆಯಲ್ಲಿ 60 ರೂಪಾಯಿ ಒಂದೆರಡು ದಿನದಲ್ಲೇ ಕಾಣಿಸಿಕೊಳ್ಳುತ್ತದೆ, ಆದರೆ ಪಕ್ಕದಲ್ಲಿ 'ಪೆಂಡಿಂಗ್' ಎಂದಿರುತ್ತದೆ. ಸಾಮಾನು ಹಿಂದಿರುಗಿಸುವ ಗಡುವು ಮುಗಿದು, ಅಂಗಡಿ ಸೈಟಿಗೆ ಕಮಿಷನ್ ಕೊಟ್ಟ ಮೇಲೆಯೇ ಅದು 'ಕನ್ಫರ್ಮ್' ಆಗುವುದು. ತಿಂಗಳು, ಎರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ನಡುವೆ ಇನ್ನೊಂದು ಕೂಪನ್ ಸೈಟಿಗೆ ಹೋಗಿ ಬಂದಿದ್ದರೆ, ಜಾಹೀರಾತು ತಡೆಯುವ ತಂತ್ರಾಂಶ ಕುಕಿಯನ್ನು ಅಳಿಸಿದ್ದರೆ, ಬ್ರೌಸರಿನಲ್ಲಿ ಶುರುಮಾಡಿ ಅಂಗಡಿಯ ಆ್ಯಪಿನಲ್ಲಿ ದುಡ್ಡು ಕಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ಬುಟ್ಟಿಗೆ ಏನನ್ನೂ ಹಾಕುವ ಮೊದಲು ಕೊಂಡಿ ಒತ್ತಿ, ಒಂದೇ ಕಿಟಕಿಯಲ್ಲಿ ಖರೀದಿ ಮುಗಿಸಿ, ಆರ್ಡರ್ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಪಳಗಿದವರ ರೂಢಿ.

ಕೊನೆಯ ಕೊಂಡಿ ಯಾರದೋ ಕಮಿಷನ್ ಅವರದು ಎಂಬ ನಿಯಮವೇ ಒಂದು ದೊಡ್ಡ ಜಗಳಕ್ಕೂ ಕಾರಣವಾಯಿತು. ಕೂಪನ್ ಹುಡುಕಿಕೊಡುವ ಹನಿ ಎಂಬ ಎಕ್ಸ್‌ಟೆನ್ಶನನ್ನು ಪೇಪಾಲ್ ಸುಮಾರು 400 ಕೋಟಿ ಡಾಲರಿಗೆ ಕೊಂಡದ್ದು 2020ರಲ್ಲಿ. ಅದು ದುಡ್ಡು ಕಟ್ಟುವ ಪುಟದಲ್ಲಿ ಇತರರ ಗುರುತನ್ನು ಅಳಿಸಿ ತನ್ನ ಗುರುತು ಹಾಕುತ್ತದೆ, ಹೀಗಾಗಿ ವಸ್ತುವನ್ನು ಪರಿಚಯಿಸಿದ ಯೂಟ್ಯೂಬರ್‌ಗಳ ಕಮಿಷನ್ ತಪ್ಪುತ್ತದೆ ಎಂಬ ಆರೋಪ 2024ರ ಡಿಸೆಂಬರಿನಲ್ಲಿ ಎದ್ದು, ಮೊಕದ್ದಮೆಗಳೂ ದಾಖಲಾದವು. ಬಳಕೆದಾರರಿಗೆ ಲಾಭವಿಲ್ಲದೆ ಹೀಗೆ ಗುರುತು ತುರುಕಬಾರದೆಂದು 2025ರಲ್ಲಿ ಗೂಗಲ್ ತನ್ನ ಎಕ್ಸ್‌ಟೆನ್ಶನ್ ನಿಯಮಗಳನ್ನು ಬಿಗಿಮಾಡಿತು.

ಕ್ಯಾಶ್‌ಬ್ಯಾಕಿನಲ್ಲಿರುವ ನಿಜವಾದ ಅಪಾಯ ಖದೀಮರದಲ್ಲ, ಕೊಳ್ಳುವ ಚಪಲದ್ದು. 60 ರೂಪಾಯಿ ಉಳಿಸಲು ಬೇಡದ 1,200 ಖರ್ಚು ಮಾಡಿದರೆ ಗೆದ್ದವರು ಅಂಗಡಿಯವರು. ಸತತ ದಿನಗಳ ಸರಣಿ ಕಡಿಯಬಾರದೆಂದು ದಿನವೂ ಆ್ಯಪ್ ತೆರೆಸುವ ತಂತ್ರಗಳೂ ಇದೇ ಜಾತಿಯವು. 2019ರ ದೀಪಾವಳಿಗೆ ಗೂಗಲ್ ಪೇ ಐದು ಸ್ಟಾಂಪುಗಳನ್ನು ಕೂಡಿಸಿದವರಿಗೆ 251 ರೂಪಾಯಿ ಎಂದಾಗ ದೀಪ, ಝುಮಕಿ ಸುಲಭವಾಗಿ ಸಿಕ್ಕವು, ರಂಗೋಲಿ ಮಾತ್ರ ಬಹಳ ಜನರಿಗೆ ಸಿಗಲಿಲ್ಲ. ಆ ಒಂದು ರಂಗೋಲಿಗಾಗಿ ಬಿಲ್ಲು ಕಟ್ಟಿದವರು, ಬಂಧುಬಳಗಕ್ಕೆಲ್ಲ ಮೆಸೇಜು ಕಳಿಸಿದವರು ಊರತುಂಬ ಇದ್ದರು.

ಇನ್ನು ಮೋಸ. ನಿಜವಾದ ಯೋಜನೆ ಸೇರುವುದಕ್ಕೆ ದುಡ್ಡು ಕೇಳುವುದಿಲ್ಲ. ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಜನ ಟೋಪಿ ಹಾಕಿಸಿಕೊಳ್ಳುತ್ತಿರಲಿಲ್ಲ. ಸ್ಪೀಕ್ ಏಷ್ಯಾ ಎಂಬ ಕಂಪನಿ ವರ್ಷಕ್ಕೆ 11,000 ರೂಪಾಯಿ ಚಂದಾ ಕಟ್ಟಿಸಿಕೊಂಡು, ಆನ್‌ಲೈನ್ ಸಮೀಕ್ಷೆಗೆ ಪ್ರತಿಫಲ ಕೊಡುವುದಾಗಿ ಹೇಳಿ 2011ರಲ್ಲಿ ದೇಶದಾದ್ಯಂತ ಲಕ್ಷಾಂತರ ಜನರನ್ನು ಕೈಬಿಟ್ಟಿತು. 2017ರ ಫೆಬ್ರವರಿಯಲ್ಲಿ ಉತ್ತರಪ್ರದೇಶ ಪೊಲೀಸರು ಬಯಲಿಗೆಳೆದ ನೊಯ್ಡಾದ ಸೋಶಿಯಲ್ ಟ್ರೇಡ್ ಪ್ರಕರಣದಲ್ಲಿ ಒಂದು ಕ್ಲಿಕ್ಕಿಗೆ ಐದು ರೂಪಾಯಿಯ ಆಸೆ ತೋರಿಸಲಾಗಿತ್ತು. ಸದಸ್ಯತ್ವಕ್ಕೆ 5,750ರಿಂದ 57,500 ರೂಪಾಯಿ ತನಕ. ಒಟ್ಟು ಮೊತ್ತ ಸುಮಾರು 3,700 ಕೋಟಿ ಎಂದು ಪೊಲೀಸರು ಹೇಳಿದ್ದರು. ಸಾವಿರ ನೋಟಕ್ಕೆ ಇಷ್ಟು ಎಂದು ದರ ನಡೆಯುವ ಲೋಕದಲ್ಲಿ ಒಂದೇ ಕ್ಲಿಕ್ಕಿಗೆ ಐದು ರೂಪಾಯಿ ಎಂದಾಗಲೇ ಅನುಮಾನ ಬರಬೇಕಿತ್ತು. ಈಚಿನ ವರಸೆ ಟೆಲಿಗ್ರಾಮಿನದು. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿದರೆ 50 ರೂಪಾಯಿ ಎಂದು ಮೊದಲು ನಿಜವಾಗಿಯೂ ನೂರಿನ್ನೂರು ಹಾಕುತ್ತಾರೆ. ನಂಬಿಕೆ ಹುಟ್ಟಿದ ಮೇಲೆ 'ಪ್ರೀಪೇಯ್ಡ್ ಟಾಸ್ಕ್' ಎಂದು ಸಾವಿರಗಳಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಹಾಗೆ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ದೂರು ಕೊಟ್ಟಷ್ಟೂ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು.

ಬ್ರೌಸಿಂಗಿಗೆ ಪೈಸೆಗಳಲ್ಲಿ ಬೆಲೆ ಬರಲು ಕಾರಣ, ಅದನ್ನು ಯಾರು ಬೇಕಾದರೂ ಮಾಡಬಲ್ಲರು ಎಂಬುದು. ಎಲ್ಲರಿಂದಲೂ ಕೊಡಲಾಗದ್ದಕ್ಕೆ ಬೆಲೆ ಬೇರೆ. ಮೈಕ್ರೋಸಾಫ್ಟ್ ರಿಸರ್ಚ್‌ನಿಂದ ಕವಲೊಡೆದ ಬೆಂಗಳೂರಿನ ಕಾರ್ಯ ಸಂಸ್ಥೆ, ಕರ್ನಾಟಕದ ಹಳ್ಳಿಗಳ ಜನರಿಂದ ಫೋನಿನಲ್ಲೇ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿಕೊಳ್ಳುತ್ತದೆ. ಕಂಪ್ಯೂಟರಿಗೆ ಕನ್ನಡ ಕಲಿಸಲು ಬೇಕಾದ ಸರಕು ಅದು. ಗಂಟೆಗೆ ಸುಮಾರು ಐದು ಡಾಲರ್ ಕೊಡುವುದು, ಅದೇ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಕೊಡುವುದು ಅದರ ಪದ್ಧತಿ. ಅದನ್ನು ರಿವಾರ್ಡ್ ಅನ್ನುವುದಕ್ಕಿಂತ ದುಡಿಮೆ ಅನ್ನುವುದೇ ಸರಿ.

ತೆರಿಗೆಯ ಮಾತನ್ನೂ ಹೇಳಬೇಕು. ಕೊಂಡ ಸಾಮಾನಿನ ಮೇಲೆ ಬರುವ ಕ್ಯಾಶ್‌ಬ್ಯಾಕ್ ಒಂದು ರೀತಿಯ ರಿಯಾಯಿತಿ. ಸಮೀಕ್ಷೆಯಿಂದ ಬಂದದ್ದು ಇತರ ಮೂಲಗಳ ಆದಾಯದ ಲೆಕ್ಕಕ್ಕೆ ಸೇರುತ್ತದೆ. ತೊಡಕಿರುವುದು ಕ್ರಿಪ್ಟೋ ಟೋಕನ್ನಿನಲ್ಲಿ. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಅದರ ಮಾರಾಟದ ಲಾಭಕ್ಕೆ ಶೇ 30ರ ತೆರಿಗೆಯಿದೆ. ಅದೇ ವರ್ಷದ ಜುಲೈನಿಂದ ಶೇ 1 ಟಿಡಿಎಸ್ ಕೂಡ ಬಂತು. ಸಂಬಳದಾರರು ಸಲ್ಲಿಸುವ ಸರಳವಾದ ಐಟಿಆರ್-1 ನಮೂನೆ ಇಂಥ ಆದಾಯ ಇರುವವರಿಗೆ ನಡೆಯುವುದಿಲ್ಲ. ಇನ್ನೂರು ರೂಪಾಯಿಯ ಟೋಕನ್ ಮಾರಿದ್ದಕ್ಕಾಗಿ ಉದ್ದನೆಯ ನಮೂನೆ ತುಂಬಿ ಕೂರುವುದು ಲಾಭದ ಬಾಬತ್ತಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿಯುವ ದುಡ್ಡನ್ನು ಹವ್ಯಾಸಕ್ಕೆಂದು ಬೇರೆ ಇಡುವುದರಲ್ಲಿ ಒಂದು ಮನಶ್ಶಾಸ್ತ್ರವೂ ಇದೆ. ಜನ ದುಡ್ಡನ್ನೆಲ್ಲ ಒಂದೇ ರಾಶಿಯಾಗಿ ನೋಡದೆ ಇದು ಇದಕ್ಕೆ, ಅದು ಅದಕ್ಕೆ ಎಂದು ಮನಸ್ಸಿನಲ್ಲೇ ಬೇರೆ ಬೇರೆ ಖಾತೆ ಇಡುತ್ತಾರೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಬರೆದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟ ಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ. ಡಬ್ಬಿಯ ದುಡ್ಡಿಗೆ ಲೆಕ್ಕ ಕೇಳುವವರಿರಲಿಲ್ಲ, ಸೀರೆಗೋ ಸಿನಿಮಾಕ್ಕೋ ಅದು ಸಲ್ಲುತ್ತಿತ್ತು.

ಆದರೆ ಈ ಡಬ್ಬಿಯ ದುಡ್ಡು ಎಲ್ಲ ಕಡೆ ಚಲಾವಣೆಯಾಗುವುದಿಲ್ಲ. ಪ್ಲೇ ಸ್ಟೋರ್ ಕ್ರೆಡಿಟ್ ಬಂದರೆ ಸಂಗೀತ ಕಲಿಯುವವರಿಗೆ ಶ್ರುತಿಯ ಆ್ಯಪ್, ಆಕಾಶ ನೋಡುವವರಿಗೆ ನಕ್ಷತ್ರಪಟದ ಆ್ಯಪ್, ಓದುವವರಿಗೆ ಇ-ಪುಸ್ತಕ; ಕೊಳಲು ಕೊಳ್ಳಲಾಗದು. ಆನ್‌ಲೈನ್ ಅಂಗಡಿಯ ವೋಚರಿನಲ್ಲಿ ಬಣ್ಣ, ಕುಂಚ, ಊಲು, ಪುಸ್ತಕ ಬರುತ್ತವೆ. ಊರಿನ ನರ್ಸರಿಯ ಗಿಡ ಬರುವುದಿಲ್ಲ, ವೋಚರಿಗೆ ಗಡುವೂ ಇರುತ್ತದೆ. ಬ್ಯಾಂಕ್ ಖಾತೆಗೆ ಬರುವ ಕ್ಯಾಶ್‌ಬ್ಯಾಕ್ ಮಾತ್ರ ಎಲ್ಲಿ ಬೇಕಾದರೂ ಸಲ್ಲುತ್ತದೆ. ಅಂಚೆಚೀಟಿ ಸಂಗ್ರಹಕಾರರಿಗೆ ಇದೇ ಬೇಕು. ಅಂಚೆ ಇಲಾಖೆಯ ಫಿಲಾಟೆಲಿ ಠೇವಣಿ ಖಾತೆ ಕನಿಷ್ಠ 200 ರೂಪಾಯಿಗೆ ತೆರೆಯುತ್ತದೆ, ಹಣ ಇರುವ ತನಕ ಹೊಸ ಚೀಟಿಗಳು ಬಿಡುಗಡೆಯಾದಂತೆ ಮನೆಗೇ ಬರುತ್ತವೆ. ಮೂರು ನಾಲ್ಕು ಕ್ಯಾಶ್‌ಬ್ಯಾಕ್ ಕನ್ಫರ್ಮ್ ಆದರೆ ಖಾತೆ ತೆರೆಯಲು ಸಾಕು. ಹೀಗಾಗಿ ಹವ್ಯಾಸ ಯಾವುದೆಂದು ನೋಡಿಕೊಂಡು ಯೋಜನೆ ಆರಿಸಬೇಕೇ ಹೊರತು, ಸಿಕ್ಕ ಪಾಯಿಂಟಿಗೆ ತಕ್ಕ ಹವ್ಯಾಸ ಹುಡುಕುವುದಲ್ಲ.

ಎಷ್ಟು ಕೂಡಿದ ಮೇಲೆ ತೆಗೆಯಬಹುದು ಎಂಬ ಕನಿಷ್ಠ ಮಿತಿಯನ್ನು ಸೇರುವ ಮೊದಲೇ ನೋಡಬೇಕು. ಮಿತಿ ಮುಟ್ಟಿದ ಕೂಡಲೇ ತೆಗೆದುಬಿಡುವುದು ಕ್ಷೇಮ, ಕಂಪನಿ ಮುಚ್ಚಿದರೆ ಪಾಯಿಂಟುಗಳಿಗೆ ವಾರಸುದಾರರಿಲ್ಲ. ಒಂದೇ ಮನೆಯಲ್ಲಿ ನಾಲ್ಕು ಹೆಸರಿನ ಖಾತೆ ತೆರೆದರೆ, ಹುಡುಕಾಟವನ್ನು ಯಂತ್ರಕ್ಕೆ ಒಪ್ಪಿಸಿದರೆ ಪತ್ತೆಯಾದ ದಿನ ಎಲ್ಲವೂ ಸೊನ್ನೆ. ಸಾಕೆನಿಸಿದಾಗ ಆ್ಯಪ್ ಅಳಿಸಿದ ಮಾತ್ರಕ್ಕೆ ಖಾತೆ ಅಳಿಯುವುದಿಲ್ಲ, ಅದರಲ್ಲಿನ ವಿವರಗಳೂ ಅಳಿಯುವುದಿಲ್ಲ. ಉಳಿದ ಪಾಯಿಂಟನ್ನು ಮೊದಲು ವೋಚರು ಮಾಡಿಕೊಂಡು, ಎಕ್ಸ್‌ಟೆನ್ಶನ್ ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಖಾತೆ ಮುಚ್ಚುವ ಕೋರಿಕೆ ಸಲ್ಲಿಸಬೇಕು. ಈ ಕ್ರಮ ತಿರುವುಮುರುವಾದರೆ ಪಾಯಿಂಟುಗಳೂ ಖಾತೆಯ ಜೊತೆಗೇ ಹೋಗುತ್ತವೆ.